ವಾಕರ್ ಎಂದರೆ ಬಟ್ಟೆ ತುಳಿಯುವವನು

ಇಂಗ್ಲೆಂಡಿನ ಅಡ್ಡಹೆಸರಾದ ವಾಕರ್ ಅಂದರೆ ನಡೆದು ತಿರುಗುತ್ತಿದ್ದವರಾ, ಅಲ್ಲಿನ ನೈಋತ್ಯದ ಡೆವನ್ ಕಡೆಯ ಟಕರ್‌ಗಳಿಗೂ ಅವರಿಗೂ ನಂಟಿದೆಯಾ ಎಂದು ಕೇಳಿದ್ದೀರಿ. ನಡಿಗೆ ಇದ್ದದ್ದು ನಿಜ, ಆದರೆ ತೊಟ್ಟಿಯೊಳಗೆ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿ, ಜಿಡ್ಡುಜಿಡ್ಡಾಗಿ ಇರುತ್ತದೆ. ಅದನ್ನು ನೀರು, ಹಳಸಿದ ಮೂತ್ರ, ಜಿಡ್ಡು ಹೀರುವ ಜೇಡಿಮಣ್ಣಿನ ಜೊತೆ ತೊಟ್ಟಿಗೆ ಹಾಕಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ಮೂತ್ರ ಹಳಸಿದಾಗ ಹುಟ್ಟುವ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ತುಳಿದಂತೆಲ್ಲ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ.

ಈ ಕಸುಬಿನವನಿಗೆ ಉತ್ತರ ಇಂಗ್ಲೆಂಡಿನಲ್ಲಿ ವಾಕರ್, ನೈಋತ್ಯದಲ್ಲಿ ಟಕರ್, ಆಗ್ನೇಯದಲ್ಲಿ ಫುಲ್ಲರ್ ಎಂದು ಹೆಸರು. ಡೆವನ್‌ನ ಎಕ್ಸೆಟರ್ ನಗರದಲ್ಲಿ 1471ರಲ್ಲಿ ಕಟ್ಟಿದ, ಈ ಕಸುಬಿನವರ ಸಂಘದ ಭವನವಾದ ಟಕರ್ಸ್ ಹಾಲ್ ಇಂದಿಗೂ ನಿಂತಿದೆ. ಮುಂದೆ ನೀರಿನ ಗಿರಣಿಯ ಮರದ ಕೊಡತಿಗಳು ಕಾಲಿನ ಕೆಲಸ ವಹಿಸಿಕೊಂಡವು. ಹೆಸರು ಮಾತ್ರ ಉಳಿಯಿತು.

ಹಾಗಾಗಿ ಎರಡು ಹೆಸರುಗಳ ನಂಟು ಕಸುಬಿನದು, ರಕ್ತದ್ದಲ್ಲ. ವಾಕರ್‌ಗಳೆಲ್ಲ ಒಂದೇ ವಂಶದವರೂ ಅಲ್ಲ, ಉಣ್ಣೆ ಇದ್ದ ಊರಲ್ಲೆಲ್ಲ ಒಬ್ಬ ವಾಕರ್ ಇದ್ದ. "ವಾಕರ್ ಕುಲಲಾಂಛನ" ಎಂದು ಮಾರುವ ಫಲಕಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಸಲ್ಲುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಅಡ್ಡಹೆಸರಿಗಲ್ಲ.

ಪೂರ್ವಜರ ಹುಡುಕಾಟವನ್ನು ಹೆಸರಿನಿಂದಲ್ಲ, ಊರಿನಿಂದ ಶುರುಮಾಡಿ. ಜನನ ನೋಂದಣಿ 1837ರ ಜುಲೈನಿಂದ ಸಿಗುತ್ತದೆ, ಅದಕ್ಕೂ ಹಿಂದಕ್ಕೆ ಚರ್ಚಿನ ದಾಖಲೆ ಪುಸ್ತಕಗಳು. ಅವನ್ನು ಇಡಬೇಕೆಂಬ ಆಜ್ಞೆ ಬಂದದ್ದು 1538ರಲ್ಲಿ. ಹೆಚ್ಚು ಜನ ಎಡವುವುದು 1841ರ ಜನಗಣತಿಯಲ್ಲಿ. 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 34 ವರ್ಷದವನು ಅಲ್ಲಿ 30. ಹುಟ್ಟಿದ ಊರು ಬೇಕಿದ್ದರೆ 1851ರದ್ದನ್ನೇ ನೋಡಿ.