ಸೂಜಿ-ದಾರ: ಎಳೆದ್ರೆ ಬಾಯಿ ಮುಚ್ಚೋ ಸಂಚಿ

ಪ್ರಶ್ನೆ: ಅಕ್ಕಾ, ಸಂಕ್ರಾಂತಿ ಆದ್ಮೇಲೆ ನಮ್ಮನೆ ಅರಿಶಿನ ಕುಂಕುಮಕ್ಕೆ 25 ಜನ ಬರ್ತಾರೆ, ಈ ಸಲ ಪ್ಲಾಸ್ಟಿಕ್ ಡಬ್ಬಿ ಬೇಡ, ನಾನೇ ಬಟ್ಟೆ ಸಂಚಿ ಹೊಲ್ದು ಎಳ್ಳುಬೆಲ್ಲ ಹಾಕಿ ವಾಣ (ಬಂದವರಿಗೆ ಕೊಡೋ ಉಡುಗೊರೆ) ಕೊಡೋಣ ಅಂತ ಆಸೆ. ಎರಡು ಹೊಲ್ದು ನೋಡ್ದೆ. ಒಂದ್ರಲ್ಲಿ ಎರಡೂ ಪಕ್ಕ ತುದಿ ತನಕ ಹೊಲ್ದುಬಿಟ್ಟೆ, ಲಾಡಿ ಹಾಕೋಕೆ ದಾರಿನೇ ಇಲ್ಲ. ಇನ್ನೊಂದಕ್ಕೆ ಒಂದೇ ಲಾಡಿ, ಎಳೆದ್ರೆ ಬಟ್ಟೆ ಎಲ್ಲಾ ಒಂದು ಮೂಲೆಗೆ ಹೋಗಿ ಗುಡ್ಡೆ ಆಗುತ್ತೆ. ಬಟ್ಟೆ ಎಷ್ಟು ತರ್ಬೇಕು ಅದೂ ಹೇಳಿ.
– ಓದುಗರು, ಡೊಂಬಿವಲಿ

ಉತ್ತರ: ತಂಗಿ, ನಿಮ್ಮ ಹೊಲಿಗೆ ತಪ್ಪಿಲ್ಲ, ನಿಲ್ಲಿಸೋ ಜಾಗ ತಪ್ಪಿದೆ ಅಷ್ಟೇ. ನಮ್ಮಜ್ಜಿ ಎಲೆಅಡಿಕೆ ಸಂಚಿ ಇನ್ನೂ ನನ್ನ ಹತ್ರ ಇದೆ, ಕೆಂಪು ಖಣದ್ದು, ಎರಡೂ ಕಡೆ ಒಂದೊಂದು ಲಾಡಿ, ಎರಡು ಕೈಲಿ ಹಿಡ್ದು ಎಳೆದ್ರೆ ಬಾಯಿ ಗಟ್ಟಿಯಾಗಿ ಮುಚ್ಕೊಳುತ್ತೆ, ಒಂದು ಚೂರು ಅಡಿಕೆನೂ ಬೀಳಲ್ಲ. ನೀವೂ ಅದೇ ತರ ಮಾಡಿ.

6 ಇಂಚು ಅಗಲ 8 ಇಂಚು ಎತ್ತರದ ಸಂಚಿಗೆ 7 ಇಂಚು ಅಗಲ, ಹದಿನೆಂಟೂವರೆ ಇಂಚು ಉದ್ದದ ಒಂದೇ ತುಂಡು ಸಾಕು. ಉಲ್ಟಾ ಬದಿ ಹೊರಗೆ ಬರೋ ಹಾಗೆ ಮಧ್ಯಕ್ಕೆ ಮಡಚಿ, ತಳ ತಾನೇ ಆಯ್ತು, ತಳದಲ್ಲಿ ಹೊಲಿಗೆನೇ ಇಲ್ಲ. ಈಗ ಎರಡೂ ಪಕ್ಕ ಅರ್ಧ ಇಂಚು ಒಳಗೆ ಹೊಲಿಗೆ ಹಾಕ್ತೀರಲ್ಲ, ಅದು ಮೇಲಿನ ಅಂಚಿಂದ ಎರಡೂಕಾಲು ಇಂಚು ಕೆಳಗೆ ನಿಲ್ಬೇಕು. ಚಾಕ್‌ಪೀಸಲ್ಲಿ ಗುರುತು ಹಾಕ್ಕೊಳ್ಳಿ, ಅಲ್ಲಿಗೆ ಬಂದಾಗ ಹಿಂದೆ ಮುಂದೆ ಎರಡು ಸಲ ಹೊಲ್ದು ಗಟ್ಟಿ ಮಾಡಿ, ಎಳೆಯುವಾಗ ಜೋರೆಲ್ಲಾ ಬೀಳೋದು ಅದೇ ಜಾಗಕ್ಕೆ. ಮೇಲೆ ಹೊಲಿಯದೆ ಉಳಿದ ಅಂಚುಗಳನ್ನ ಅರ್ಧರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ಮಾಡಿ ಸೀಳಿನ ಸುತ್ತ ಹೊಲ್ದುಬಿಡಿ, ಇದನ್ನ ಬಿಟ್ರೆ ಲಾಡಿ ಉಜ್ಜಿ ಉಜ್ಜಿ ನೂಲು ಬಿಡುತ್ತೆ. ಆಮೇಲೆ ಸಂಚಿನ ಸರಿ ಬದಿ ಹೊರಗೆ ಬರೋ ಹಾಗೆ ತಿರುಗಿಸಿ, ಮೇಲಿನ ಅಂಚು ಮೊದಲು ಕಾಲು ಇಂಚು, ಮತ್ತೆ 1 ಇಂಚು ಒಳಗೆ ಮಡಚಿ ಕೆಳಗಿನ ಗೆರೆ ಹೊಲೀರಿ, ಮುಂದೆ ಬೇರೆ ಹಿಂದೆ ಬೇರೆ. ಲಾಡಿ ತೂರೋ ಈ ಕೊಳವೆಗೇ ಇಲ್ಲಿ ಮುಂಬೈ ಟೇಲರ್‌ಗಳು ನೇಫಾ ಅಂತಾರೆ.

ಲಾಡಿ ಒಂದೊಂದು 20 ಇಂಚು, ಒಂದು ಸಂಚಿಗೆ ಎರಡು. ತುದಿಗೆ ಸೇಫ್ಟಿ ಪಿನ್ ಚುಚ್ಚಿ, ಮೊದಲನೇದು ಬಲಗಡೆಯಿಂದ ಹೊರಟು ಮುಂದಿನ ನೇಫಾ ದಾಟಿ ಹಿಂದಿನದ್ರಲ್ಲಿ ವಾಪಸ್ ಬಲಗಡೆಗೇ ಬರ್ಲಿ, ಗಂಟು ಹಾಕಿ. ಎರಡನೇದು ಹಾಗೇ ಎಡಗಡೆಯಿಂದ ಎಡಗಡೆಗೆ. ಇಷ್ಟು ಮಾಡಿದ್ರೆ ಬಾಯಿ ಒಂದೇ ಮೂಲೆಗೆ ಹೋಗೋ ಪ್ರಶ್ನೆನೇ ಇಲ್ಲ.

ಇನ್ನು ಲೆಕ್ಕ. 44 ಇಂಚು ಪನ್ನದ (ಅಗಲದ) ಕಾಟನ್ ಆದ್ರೆ ಅಡ್ಡಕ್ಕೆ 6 ತುಂಡು, 1 ಮೀಟರಲ್ಲಿ ಎರಡು ಸಾಲು, ಅಂದ್ರೆ 12. 2 ಮೀಟರ್ ತಂದ್ರೆ 24 ಆಗಿ ಒಂದು ಕಮ್ಮಿ ಬೀಳುತ್ತೆ ನೋಡಿ, ಎರಡೂವರೆ ಮೀಟರ್ ತನ್ನಿ, 30 ಬರುತ್ತೆ, ಕೆಟ್ಟುಹೋದ್ರೂ ಚಿಂತೆ ಇಲ್ಲ. ಕತ್ತರಿಸೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸ್ಲೇಬೇಕು, ಕಾಟನ್ ಕುಗ್ಗುತ್ತೆ. ಲಾಡಿ 26 ಮೀಟರ್ ಹತ್ರ ಬೇಕು, ಬಿಡಿಬಿಡಿ ತಗೋಬೇಡಿ, ಭುಲೇಶ್ವರದ ಲೇಸ್ ಅಂಗಡಿಗಳಲ್ಲಿ ರೋಲೇ ಕೇಳಿ. ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಳದಾಸ್ ಮಾರ್ಕೆಟ್ ಇದ್ದೇ ಇದೆ, ಬೆಳಿಗ್ಗೆನೇ ಹೋಗಿ, ಮಧ್ಯಾಹ್ನ ಆದ್ರೆ ಆ ಓಣಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಎಳ್ಳುಬೆಲ್ಲ ನೇರ ಬಟ್ಟೆಗೆ ಹಾಕ್ಬೇಡಿ, ಎಳ್ಳೆಣ್ಣೆ ಕಲೆ ಬಿಡುತ್ತೆ, ಮೊದ್ಲು ಬಟರ್ ಪೇಪರಲ್ಲಿ ಕಟ್ಟಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬ್ಯಾನ್ ಆದಾಗಿಂದ ನಾನೂ ವಾಣಕ್ಕೆ ಬಟ್ಟೆದೇ ಕೊಡ್ತಾ ಬಂದಿದೀನಿ, ಪಕ್ಕದ್ಮನೆ ಕಾಕು ಇವತ್ತಿಗೂ ಅದ್ರಲ್ಲೇ ಕೊತ್ತಂಬರಿ ತರ್ತಾರೆ, ನೋಡಿದಾಗೆಲ್ಲಾ ಖುಷಿ ಆಗುತ್ತೆ.

ಪ್ರಶ್ನೆ: ಗುಳೇದಗುಡ್ಡದ ಖಣ ಇದೆ, ತೇರಿನ ಡಿಸೈನು. ಅದ್ರಲ್ಲಿ ಸಂಚಿ ಮಾಡ್ಬಹುದಾ?
– ಓದುಗರು, ಪುಣೆ

ಉತ್ತರ: ಖಂಡಿತ ಮಾಡಿ, ಆದ್ರೆ ಮೇಲೆ ಹೇಳಿದ ಹಾಗೆ ಒಂದೇ ತುಂಡು ಮಡಚಿದ್ರೆ ಒಂದು ಕಡೆ ತೇರು ತಲೆಕೆಳಗಾಗುತ್ತೆ. ಅದಕ್ಕೆ ಎರಡು ತುಂಡು ಕತ್ತರಿಸಿ, ಒಂದೊಂದು 7 ಇಂಚು ಅಗಲ, ಒಂಬತ್ತೂಮುಕ್ಕಾಲು ಇಂಚು ಉದ್ದ, ತಳಕ್ಕೂ ಅರ್ಧ ಇಂಚು ಒಳಗೆ ಹೊಲಿಗೆ. ಖಣ ನೂಲು ಬೇಗ ಬಿಡುತ್ತೆ, ಕತ್ತರಿಸಿದ ತಕ್ಷಣ ಅಂಚಿಗೆ ಓವರ್‌ಲಾಕ್ ಮಾಡಿಸಿ, ಹತ್ತಿರದ ಟೇಲರ್ ಹತ್ರ ಆಗುತ್ತೆ.

ಪ್ರಶ್ನೆ: ಮಷಿನ್ ಇಲ್ಲ, ಬಾಡಿಗೆ ರೂಮಲ್ಲಿದೀನಿ. ಕೈಯಲ್ಲೇ ಹೊಲಿದ್ರೆ ನಿಲ್ಲುತ್ತಾ?
– ಓದುಗರು, ವಾಶಿ

ಉತ್ತರ: ನಿಲ್ಲುತ್ತೆ. ಪಕ್ಕದ ಹೊಲಿಗೆಗಳಿಗೆ ಸಾದಾ ಹೊಲಿಗೆ ಬೇಡ, ಬ್ಯಾಕ್ ಸ್ಟಿಚ್ ಹಾಕಿ, ಮುಂದೆ ಹೋದ ಸೂಜಿ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಹೋಗ್ಬೇಕು, ದಾರ ಎರಡೆಳೆ ಇರ್ಲಿ. ನಮ್ಮಜ್ಜಿ ಸಂಚಿಗೆ ಯಾವ ಮಷಿನ್ನೂ ಮುಟ್ಟಿಲ್ಲ.