ಲ್ಯಾಬಿನಲ್ಲಿ ವಿಷ, ಆಸ್ಪತ್ರೆಯಲ್ಲಿ ಕುಡಿಸ್ತಾರೆ: ಏನಿದು ಬೇರಿಯಂ?

ಪ್ರಶ್ನೆ: ನಮ್ಮ ಅತ್ತೆಗೆ ಅನ್ನ ನುಂಗೋಕೆ ಕಷ್ಟ. ಬೇರಿಯಂ ಕುಡಿಸಿ ಎಕ್ಸ್‌-ರೇ ತೆಗೆಯಬೇಕು ಎಂದಿದ್ದಾರೆ ಡಾಕ್ಟರು. ಪಿಯುಸಿ ಓದುವ ಮಗ, ‘ಲ್ಯಾಬಿನಲ್ಲಿ ಬೇರಿಯಂ ಕ್ಲೋರೈಡ್ ವಿಷ ಅಂತಾರೆ, ಅಜ್ಜಿಗೆ ಅದನ್ನ ಕುಡಿಸ್ತೀರಾ?’ ಅಂತ ಹೆದರಿಸಿದ್ದಾನೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿ. ಬೇರಿಯಂ ಒಂದು ಲೋಹ, ಕ್ಲೋರೈಡ್, ಸಲ್ಫೇಟ್ ಎಲ್ಲ ಅದರ ಬೇರೆ ಬೇರೆ ಲವಣಗಳು. ಮಗ ಹೇಳುತ್ತಿರುವುದು ಕ್ಲೋರೈಡ್, ಡಾಕ್ಟರು ಕೊಡುವುದು ಬೇರಿಯಂ ಸಲ್ಫೇಟ್. 100 ಮಿ.ಲೀ. ನೀರಿನಲ್ಲಿ ಕ್ಲೋರೈಡ್ ಹತ್ತಿರ ಹತ್ತಿರ 35 ಗ್ರಾಂ ಕರಗುತ್ತದೆ. ಸಲ್ಫೇಟ್ ಒಂದು ಇಡೀ ಲೀಟರಿನಲ್ಲಿ 3 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಕರಗಿದ ಬೇರಿಯಂ ರಕ್ತಕ್ಕೆ ಸೇರಿದರೆ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಕೈಕಾಲು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಕರಗದೇ ಇದ್ದದ್ದು ಸುಮ್ನೆ ಹೊಟ್ಟೆ ದಾಟಿ ಹೋಗುತ್ತದೆ. ಹೋಗುವಾಗ ಎಕ್ಸ್‌-ರೇ ತಡೆಯುವುದರಿಂದ ಅನ್ನನಾಳ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ.

ಹಾಗಾದ್ರೆ ನೀರಿನಲ್ಲಿ ಕರಗದಿದ್ದರೆ ಸಾಕಾ? ಸಾಲದು, ಎಡವಟ್ಟಾಗುವುದು ಇಲ್ಲೇ. ಬೇರಿಯಂ ಕಾರ್ಬೊನೇಟ್ ಕೂಡ ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು, ಆದರೆ ಹೊಟ್ಟೆಯ ಆಮ್ಲ ಸಿಕ್ಕಿತೋ, ಕರಗಿ ಅದೇ ಕ್ಲೋರೈಡ್ ಆಗುತ್ತದೆ! ಅದಕ್ಕೇ ಅದನ್ನು ಇಲಿಪಾಷಾಣವಾಗಿ ಬಳಸುತ್ತಿದ್ದರು. 2003ರಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್‌-ರೇಗೆ ಕುಡಿಸುವ ಸಲ್ಫೇಟಿನಲ್ಲಿ ಈ ಕಾರ್ಬೊನೇಟ್ ಸೇರಿಹೋಗಿ ಹಲವರು ಸತ್ತರು. ಸಲ್ಫೇಟ್ ಶುದ್ಧವಾಗಿದ್ದರೆ ಹೊಟ್ಟೆಯ ಆಮ್ಲಕ್ಕೂ ಜಗ್ಗುವುದಿಲ್ಲ.

ನಿಮ್ಮ ಮಗ ಇದನ್ನು ಕಣ್ಣಾರೆ ನೋಡಿರುತ್ತಾನೆ. ಹತ್ತನೇ ಕ್ಲಾಸಿನಲ್ಲಿ ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದಾಗ ಹಾಲಿನ ಹಾಗೆ ಬಿಳಿ ಆಯಿತಲ್ವಾ, ಆ ಬಿಳಿಯೇ ಬೇರಿಯಂ ಸಲ್ಫೇಟ್. (ಹಾಗಂತ ಲ್ಯಾಬಿನದ್ದನ್ನು ಯಾರೂ ಬಾಯಿಗೆ ಹಾಕಬೇಡಿ ಮತ್ತೆ, ಔಷಧದ್ದು ಬೇರೆಯೇ ಶುದ್ಧ ಮಾಡಿರುತ್ತಾರೆ.) ಯಾರಾದರೂ ಕ್ಲೋರೈಡನ್ನೋ ಕಾರ್ಬೊನೇಟನ್ನೋ ನುಂಗಿದರೆ ಡಾಕ್ಟರು ಮಾಡುವುದೂ ಹೆಚ್ಚುಕಡಿಮೆ ಇದೇ ಪ್ರಯೋಗ: ಸೋಡಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕುಡಿಸಿ, ಹೊಟ್ಟೆಯೊಳಗೇ ಬೇರಿಯಂ ಕರಗದ ಪುಡಿಯಾಗುವ ಹಾಗೆ ನೋಡುತ್ತಾರೆ.

ಅತ್ತೆಗೆ ನುಂಗುವಾಗ ಕೆಮ್ಮು ಬರುತ್ತಿದ್ದರೆ ಮೊದಲೇ ಹೇಳಿಬಿಡಿ, ಬೇರಿಯಂ ಶ್ವಾಸಕೋಶಕ್ಕೆ ಹೋಗಬಾರದು. ಅನ್ನನಾಳ ತೂತಾಗಿದೆ ಎಂಬ ಅನುಮಾನವಿದ್ದರೆ ಸಾಮಾನ್ಯವಾಗಿ ಬೇರಿಯಂ ಬದಲು ಅಯೋಡಿನ್ ಇರುವ ದ್ರಾವಣ ಕೊಡುತ್ತಾರೆ. ಪರೀಕ್ಷೆ ಆದ ಮೇಲೆ ಒಂದೆರಡು ದಿನ ಮಲ ಬೆಳ್ಳಗೆ ಹೋಗುತ್ತದೆ, ಗಾಬರಿ ಬೇಡ. ಮಲಬದ್ಧತೆ ಆಗಬಹುದು, ನೀರು ಜಾಸ್ತಿ ಕುಡಿಸಿ.