ಅಡಿಕೆ ಡ್ರೈಯರ್‌ಗೆ ಕ್ಯಾನ್ ಬಸ್ ಬೇಡ

ಶಿರಸಿಯ ನಿಮ್ಮ ಅಡಿಕೆ ಡ್ರೈಯರ್‌ನ ಆರು ಟೆಂಪರೇಚರ್ ಸೆನ್ಸರ್‌ಗಳಿಂದ ಮನೆಯ ಪ್ಯಾನೆಲ್‌ವರೆಗೆ 200 ಮೀಟರ್. ಸೆನ್ಸರ್ ಲೆಕ್ಕ ಪ್ಯಾನೆಲ್‌ಗೆ ತರಲು ಕ್ಯಾನ್ ಬಸ್ಸೋ (ಸಾಧನಗಳು ತಾವಾಗೇ ಒಂದೇ ಜೋಡಿ ವೈರಿನಲ್ಲಿ ಮಾತಾಡುವ ಪದ್ಧತಿ), ಆರ್‌ಎಸ್-485 ಎಂಬ ಜೋಡಿ ವೈರಿನ ಲೈನ್ ಮೇಲೆ ಮಾಡ್‌ಬಸ್ಸೋ (ಒಬ್ಬ ಮಾಸ್ಟರ್ ಒಂದೊಂದನ್ನೇ ಕೇಳಿ ಉತ್ತರ ಪಡೆಯುವ ಪದ್ಧತಿ) ಅಂತ ಕೇಳಿದ್ದೀರಿ. ಧೈರ್ಯವಾಗಿ ಮಾಡ್‌ಬಸ್ ಹಾಕಿ.

ಕ್ಯಾನ್ ಅನ್ನು ಬಾಷ್ 1986ರಲ್ಲಿ ಹೊರತಂದದ್ದು ವಾಹನಗಳಿಗೆ. ಎರಡು ಸಾಧನ ಒಟ್ಟಿಗೆ ಮಾತು ಶುರುಮಾಡಿದರೂ ಚಿಕ್ಕ ಐಡಿ ನಂಬರಿನ ಸಂದೇಶ ಕೆಡದೆ ಮುಂದೆ ಹೋಗುತ್ತದೆ. ಬ್ರೇಕಿಗೆ ಅದು ಬೇಕೇ ಬೇಕು. ಡ್ರೈಯರ್‌ನ ಬಿಸಿ ಬದಲಾಗುವುದು ನಿಮಿಷಗಳಲ್ಲಿ. ಮಾಸ್ಟರ್ ಐದು ಸೆಕೆಂಡಿಗೊಮ್ಮೆ ಕೇಳಿದರೆ ಧಾರಾಳ ಸಾಕು. ದೂರವೂ ನೋಡಿ: 1 ಎಂಬಿಪಿಎಸ್ (ಸೆಕೆಂಡಿಗೆ 10 ಲಕ್ಷ ಬಿಟ್) ವೇಗದಲ್ಲಿ ಕ್ಯಾನ್ ಸುಮಾರು 40 ಮೀಟರ್ ಅಷ್ಟೇ. ಕಡಿಮೆ ವೇಗದ 485 ಅಂದರೆ 1200 ಮೀಟರ್‌ವರೆಗೂ ಎಳೆಯಬಹುದು.

ಯಾವುದು ಹಾಕಿದರೂ ಟರ್ಮಿನೇಶನ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದಂತೆ ಹಾಕುವ ರೆಸಿಸ್ಟರ್) ಮರೆಯಬೇಡಿ, ಎರಡು ತುದಿಗೆ ಮಾತ್ರ 120 ಓಮ್. ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಬೋಟಿನ ಕ್ಯಾನ್ ಡಿಸ್‌ಪ್ಲೇ ಆಗಾಗ ಹೋಗಿಬರುತ್ತಿತ್ತು. ಪವರ್ ತೆಗೆದು ಎರಡು ವೈರಿನ ನಡುವೆ ಮೀಟರ್ ಹಿಡಿದೆ. ಎರಡು ರೆಸಿಸ್ಟರ್ ಸಮಾಂತರವಾಗಿ ಸೇರಿ 60 ಓಮ್ ಬರಬೇಕಾದಲ್ಲಿ 120. ಬಿಚ್ಚಿದರೆ ಒಂದು ತುದಿಯ ಪಿನ್ ಉಪ್ಪುಗಾಳಿಗೆ ಹಸಿರುಗಟ್ಟಿ ತುಂಡಾಗಿತ್ತು.

ನಿಮ್ಮಲ್ಲಿ ಉಪ್ಪಿಲ್ಲ, ಆದರೆ ಸಿಡಿಲಿದೆ. 485 ಲೈನಿಗೆ ಐಸೊಲೇಟೆಡ್ ಕನ್ವರ್ಟರೇ (ಲೈನಿಗೂ ಪ್ಯಾನೆಲ್‌ಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು) ತಗೊಳ್ಳಿ. ಕೇಬಲನ್ನು ಬ್ಲೋವರ್ ಮೋಟರಿನ ವೈರ್ ಜೊತೆ ಒಂದೇ ಪೈಪಿನಲ್ಲಿ ತರಬೇಡಿ.